ಬಲಗೈ ಹೆಬ್ಬೆಟ್ಟು

ಪತ್ರವನ್ನು ಪೂರ್ತಿಯಾಗಿ ಓದುವ ಮೊದಲೇ ಗವಿಸಿದ್ದಯ್ಯನವರ ಕೈ ಉತ್ತರವನ್ನು ಬರೆದು ಮುಗಿಸಿತ್ತು. ‘ಈ ತಾಲ್ಲೂಕಿನ ವ್ಯಾಪ್ತಿಯಲ್ಲಿ ಶ್ರೀಲಂಕಾ ಮೂಲದ ತಮಿಳರು ಯಾರೂ ವಾಸವಾಗಿರುವುದಿಲ್ಲ, ಆದುದರಿಂದ ಶೂನ್ಯ ವರದಿಯನ್ನು ಈ ಮೂಲಕ ಸಲ್ಲಿಸಲಾಗಿದೆ.’ ಮಸಿ ಆರುವ ತನಕ ಅವರು ಆ ವಾಕ್ಯವನ್ನು ನೋಡುತ್ತ ಕುಳಿತರು. ತಿದ್ದಬೇಕಾದದ್ದು ಏನೂ ಇರಲಿಲ್ಲ. ರಾಮನಗರದ ತಾಲ್ಲೂಕು ಕಚೇರಿಗೆ ಬಂದ ಒಂಬತ್ತು ವರ್ಷಗಳಲ್ಲಿ, ಮೊದಲು ಪ್ರಥಮ ದರ್ಜೆ ಸಹಾಯಕರಾಗಿ, ಆಮೇಲೆ ಶಿರಸ್ತೇದಾರರಾಗಿ, ಮೂರು ತಿಂಗಳಿಗೊಮ್ಮೆ ಇದೇ ವಾಕ್ಯವನ್ನು ಅವರು ಇದೇ ಪೆನ್ನಿನಿಂದ ಬರೆದಿದ್ದರು. ಮೂವತ್ತಾರು ಸಲ. ತೊಂಬತ್ತೊಂದರಲ್ಲಿ ದೇಶದ ದೊಡ್ಡ ನಾಯಕರೊಬ್ಬರ ಹತ್ಯೆಯಾದ ಮೇಲೆ ಹೊರಟ ಆಜ್ಞೆಯೊಂದು, ಹೊರಡಿಸಿದವರೆಲ್ಲ ನಿವೃತ್ತರಾಗಿ ಹೋದ ಮೇಲೂ, ವರ್ಷಕ್ಕೆ ನಾಲ್ಕು ಬಾರಿ ಉತ್ತರ ಕೇಳುತ್ತಲೇ ಇತ್ತು. ಬೆಳಿಗ್ಗೆ ಚನ್ನಪಟ್ಟಣದಿಂದ ಬರುವಾಗ ಬಸ್ಸು ಕೆಂಗಲ್ಲಿನ ಆಂಜನೇಯನ ಗುಡಿಯ ಮುಂದೆ ವೇಗ ತಗ್ಗಿಸುತ್ತಿದ್ದ ಹಾಗೆ, ಒಳಗಿದ್ದವರ ಕೈಗಳೆಲ್ಲ ತಾವಾಗಿಯೇ ಮೇಲೆದ್ದು ಎರಡು ಕೆನ್ನೆಗಳನ್ನೂ ತಟ್ಟಿಕೊಳ್ಳುತ್ತಿದ್ದವು. ನಿದ್ದೆಯಲ್ಲಿದ್ದವರೂ ತಟ್ಟಿಕೊಂಡು ಮತ್ತೆ ನಿದ್ದೆಗೆ ಜಾರುತ್ತಿದ್ದರು. ಶಿವಪೂಜೆ ಮುಗಿಸಿ ಬಂದ ಗವಿಸಿದ್ದಯ್ಯನವರ ಕೈಯೂ ಏಳುತ್ತಿತ್ತು. ಏತಕ್ಕೆಂದು ಅವರು ಯೋಚಿಸಿರಲಿಲ್ಲ. ಈ ವಾಕ್ಯದ ಬಗೆಗೂ ಈಚೆಗೆ ಯೋಚಿಸಿರಲಿಲ್ಲ.

ಆದರೆ ಈ ಸಲದ ಪತ್ರ ನಾಲ್ಕು ಪುಟಗಳಷ್ಟಿತ್ತು, ಜೊತೆಗೆ ಒಂದು ನಮೂನೆಯಿತ್ತು. ಆ ದ್ವೀಪದ ಯುದ್ಧ ಮೇ ತಿಂಗಳಲ್ಲಿ ಮುಗಿದಿತ್ತು. ಅದು ನಡೆದಷ್ಟು ಕಾಲವೂ ನಮ್ಮ ಸರಕಾರ ‘ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ’ ಎಂದಷ್ಟೇ ಹೇಳುತ್ತಿದ್ದುದನ್ನು ಗವಿಸಿದ್ದಯ್ಯ ಪತ್ರಿಕೆಯಲ್ಲಿ ಓದಿದ್ದರು. ಓದಿ, ಅದನ್ನು ಬರೆದ ಅಜ್ಞಾತ ಸಹೋದ್ಯೋಗಿಯ ಬಗ್ಗೆ ಅವರಲ್ಲೊಂದು ಗೌರವವೂ ಹುಟ್ಟಿತ್ತು. ಗಮನಿಸುತ್ತಿರುವವರು ಯಾರೆಂದು ಹೇಳದೆಯೇ ಗಮನಿಸಿಬಿಡುವ ವಾಕ್ಯವನ್ನು ಕಟ್ಟುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಈಗ, ಆಗಸ್ಟಿನಲ್ಲಿ, ಆ ವಾಕ್ಯಕ್ಕೆ ನಾಲ್ಕು ಪುಟಗಳ ಬಾಲ ಬಂದಿತ್ತು. ಇಲ್ಲಿನ ನಿರಾಶ್ರಿತ ಶಿಬಿರಗಳ ಹೊರಗಿರುವವರನ್ನು ಗುರುತಿಸಿ ನೋಂದಾಯಿಸತಕ್ಕದ್ದು. ನೋಂದಾಯಿತರು ಬಯಸಿದಲ್ಲಿ, ದ್ವೀಪದ ಶಿಬಿರಗಳಲ್ಲಿ ಸಿಲುಕಿರುವ ಅವರ ಬಂಧುಗಳ ಬಗ್ಗೆ ಮೇಲಿನ ಮಟ್ಟದಲ್ಲಿ ವಿಚಾರಿಸಲಾಗುವುದು. ಏಳನೆಯ ಅಂಶ: ಹೆಬ್ಬೆಟ್ಟಿನ ಗುರುತು ಅಸ್ಪಷ್ಟವಾಗಿರುವ ನಮೂನೆಗಳನ್ನು ತಿರಸ್ಕರಿಸತಕ್ಕದ್ದು. ಹನ್ನೊಂದನೆಯದು: ಕಳೆದ ಆರು ತಿಂಗಳೊಳಗೆ ಬಂದವರ ಪಟ್ಟಿಯನ್ನು ಪ್ರತ್ಯೇಕಿಸಿ ವಿಚಾರಣೆಗಾಗಿ ಪೊಲೀಸ್ ಇಲಾಖೆಗೆ ಕಳುಹಿಸತಕ್ಕದ್ದು.

“ಏನ್ ಸಾರ್, ಸೊನ್ನೆ ತಾನೆ? ಟೈಪಿಗೆ ಕೊಟ್ಬುಡ್ಲಾ?” ಎದುರಿನ ಮೇಜಿನಿಂದ ಗುಮಾಸ್ತ ಬಾಲರಾಜು ಕೇಳಿದ. ಅವನ ಮುಂದೆ ಬಿಡದಿ ಕಡೆಯ ರೈತರ ಸಾಲು ನಿಂತಿತ್ತು. ಕೈಗಾರಿಕಾ ಪ್ರದೇಶಕ್ಕೆ ಜಮೀನು ಬಿಟ್ಟುಕೊಡುವ ಒಪ್ಪಿಗೆಪತ್ರಗಳಿಗೆ ಬೆಳಗಿನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಬಾಲರಾಜುವಿನ ಅಂಗೈಯೂ ನೇರಳೆಯಾಗಿತ್ತು.

“ತಡೆಯಪ್ಪ. ಓದುತ್ತಿದ್ದೇನೆ.”

“ಅದೇನ್ ಓದೀರಿ ಬುಡಿ ಸಾರ್. ರಾಮಾಣ್ಯದ ಕಾಲ್ದಿಂದ ಲಂಕೆ ಇಸ್ಯಕ್ಕೆ ನಮ್ಮೋರು ಬರೆಯೋದು ಒಂದೇ.”

ಸಾಲಿನಲ್ಲಿದ್ದ ರೈತರಲ್ಲಿ ಇಬ್ಬರು ನಕ್ಕರು. ಮೂರನೆಯವನು ತನ್ನ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ, ಒರೆಸಿದ ಜಾಗವನ್ನು ನೋಡುತ್ತ, ನಗುವುದನ್ನು ಮರೆತು ನಿಂತಿದ್ದ. ಜವಾನ ಚಿಕ್ಕಹನುಮಯ್ಯ ಬಾಗಿಲಲ್ಲಿ ಕಾಣಿಸಿಕೊಂಡು, ಯಾರೋ ಹತ್ತು ಗಂಟೆಯಿಂದ ಹೊರಗೆ ಕಾದಿರುವರೆಂದೂ, ರೇಷ್ಮೆ ನಿಯಾಜ್ ಸಾಹೇಬರು ಜೊತೆಗಿರುವರೆಂದೂ ಹೇಳಿದ.

ನಿಯಾಜ್ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನೂಲು ಬಿಚ್ಚುವ ಶೆಡ್ಡು ಇಟ್ಟುಕೊಂಡಿದ್ದವನು. ಕಚೇರಿಗೆ ಬಂದಾಗಲೆಲ್ಲ ಅವನ ಬಟ್ಟೆಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ಇಂದು ಆ ವಾಸನೆ ಇಬ್ಬರಿಂದ ಬಂತು. ಅವನ ಹಿಂದೆ ನಿಂತ ಹೆಂಗಸಿಗೆ ನಲವತ್ತರ ಸುಮಾರು. ಸೆರಗಿನೊಳಗೆ ಎರಡು ಕೈಗಳನ್ನೂ ಮುಚ್ಚಿಟ್ಟುಕೊಂಡಿದ್ದಳು.

“ಸಾಬ್, ಈಯಮ್ಮ ತವಮಣಿ ಅಂತ. ನಮ್ಮ ಶೆಡ್ಡಲ್ಲಿ ಹದಿಮೂರು ವರ್ಷದಿಂದ ಬಾಂಡ್ಲಿ ಮುಂದೆ ಕೂತವ್ಳೆ. ನಾನೂ ಕೃಷ್ಣಗಿರಿ ಕಡೆಯೋಳು ಅಂದ್ಕೊಂಡಿದ್ದೆ. ಮೊನ್ನೆ ಟೀವಿ ಮುಂದೆ ಕೂತು ಗೋಳಾಡ್ಬುಟ್ಳು. ಆವಾಗ ಗೊತ್ತಾಯ್ತು, ಸಮುದ್ರದ ಆ ಕಡೆಯೋಳು ಅಂತ.”

“ಗೋಳಾಡ್ಲಿಲ್ಲ ಅಯ್ಯಾ,” ಎಂದಳು ಹೆಂಗಸು, ನಿಯಾಜನನ್ನು ನೋಡದೆ. “ಎದ್ದು ನಿಂತ್ಕಂಡೆ, ಅಷ್ಟೆ. ನನ್ನ ತಂಗಿ ಕಂಡ್ಳು. ಮುಳ್ಳುತಂತಿ ಒಳಗೆ ನೀರಿಗೆ ನಿಂತಿದ್ರು ಜನ. ಮುಖ ಕಾಣ್ಲಿಲ್ಲ. ಎಲ್ರೂ ಕೊಡಾನ ಬಲಗಡೆ ಸೊಂಟದ ಮೇಲೆ ಇಟ್ಕಂಡಿದ್ರು, ಇವ್ಳೊಬ್ಳು ಎಡಗಡೆ ಇಟ್ಕಂಡಿದ್ಲು. ಚಿಕ್ಕೋಳಿದ್ದಾಗ ಬಾವಿಕಟ್ಟೇಲಿ ಬಿದ್ದು ಬಲಗಡೆ ಸೊಂಟ ಉಳುಕಿತ್ತು. ಅವತ್ತಿಂದ ಎಡಗಡೆಯೇ.”

“ಟೀವೀಲಿ ಎಷ್ಟು ಹೊತ್ತು ತೋರ್ಸಿದ್ರು?” ಬಾಲರಾಜು ಕುತೂಹಲದಿಂದ ಕೇಳಿದ.

“ಒಂದು ಉಸಿರು.”

ಗವಿಸಿದ್ದಯ್ಯನವರು ಆಗ ಅವಳ ಮುಖವನ್ನಲ್ಲ, ತಮ್ಮ ಮುಂದಿದ್ದ ಹಾಳೆಯನ್ನು ನೋಡುತ್ತಿದ್ದರು. ‘ಯಾರೂ ವಾಸವಾಗಿರುವುದಿಲ್ಲ.’ ಹದಿಮೂರು ವರ್ಷಗಳಲ್ಲಿ ಒಂಬತ್ತು ವರ್ಷ ಈಕೆ ಈ ವಾಕ್ಯದ ಕೆಳಗೇ ವಾಸವಾಗಿದ್ದಳು. ಗೂಡಿನ ಮಾರುಕಟ್ಟೆಗೂ ಕಚೇರಿಗೂ ನಡುವೆ ಎರಡು ಫರ್ಲಾಂಗು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಾಡಿನ ಹಂಚಿನ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿಕೊಂಡಿರುವುದನ್ನು ಬಹಳ ದಿನಗಳ ಮೇಲೆ ಕಂಡವರಿಗೆ ಆಗುವಂಥ ಸಣ್ಣ ಅಸಮಾಧಾನ ಮಾತ್ರ ಆಯಿತು. ಈ ಶೂನ್ಯ ವರದಿಯನ್ನು ತಮ್ಮೊಳಗೆ ಅವರು ಕರುಣೆಯೆಂದು ಕರೆದುಕೊಂಡಿದ್ದರು. ಹೊರಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿ ಗಿರಿಜಾಂಬನಿಗೂ. ತೊಂಬತ್ತೊಂದರ ಮಳೆಗಾಲದಲ್ಲಿ ಅವರು ಸಾತನೂರಿನ ನಾಡಕಚೇರಿಯಲ್ಲಿದ್ದರು. ಹೊರಗಿನಿಂದ ಬಂದವರ ಪಟ್ಟಿ ಮಾಡಿಕೊಡಿರೆಂದು ಪೊಲೀಸಿನವರು ಕೇಳಿದಾಗ, ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ತಿದಿಯೂದುತ್ತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನೊಬ್ಬನ ಹೆಸರಿನ ಮುಂದೆ, ‘ಸದರಿಯವನ ಮಾತಿನ ಧಾಟಿಯು ಈ ಸೀಮೆಯ ತಮಿಳರ ಧಾಟಿಗಿಂತ ಭಿನ್ನವಾಗಿ ತೋರುವುದರಿಂದ, ದ್ವೀಪ ಮೂಲದವನಿರಬಹುದೆಂದು ಊಹಿಸಲು ಆಸ್ಪದವಿದೆ’ ಎಂದು ಬರೆದಿದ್ದರು. ಅಂದಿನ ತಹಶೀಲ್ದಾರರು ಆ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ಗವಿಸಿದ್ದಯ್ಯ, ನೀವು ಮೇಷ್ಟರಾಗಬೇಕಾಗಿತ್ತು ಕಣ್ರೀ’ ಎಂದು ಬೆನ್ನು ತಟ್ಟಿದ್ದರು. ಪೊಲೀಸಿನವರು ಹಿಡಿದೊಯ್ದ ಕಲಾಯಿಯವನು ಧರ್ಮಪುರಿಯವನೆಂದು ಗೊತ್ತಾಗುವುದಕ್ಕೆ ನಲವತ್ತು ದಿನ ಹಿಡಿಯಿತು. ಹಿಂತಿರುಗಿ ಬಂದವನ ಬಲ ಮಣಿಕಟ್ಟು ತಿರುಗುತ್ತಿರಲಿಲ್ಲ. ಇಕ್ಕಳದಲ್ಲಿ ಹಿಡಿದ ಪಾತ್ರೆಯನ್ನು ಬೆಂಕಿಯ ಮೇಲೆ ತಿರುಗಿಸುವುದು ಮಣಿಕಟ್ಟಿನ ಕೆಲಸ. ಗವಿಸಿದ್ದಯ್ಯನವರು ಮನೆಯಿಂದ ಎರಡು ಹಿತ್ತಾಳೆಯ ಕೊಳಗಗಳನ್ನು ಕಳುಹಿಸಿ ಅವನಿಂದ ಕಲಾಯಿ ಹಾಕಿಸಿದರು. ‘ಅಲ್ಲಲ್ಲಿ ಹಿಡಿದೇ ಇಲ್ವಲ್ಲ ಇದು, ಕಣ್ಣು ಮುಚ್ಕೊಂಡು ಹಾಕಿದ್ದಾನೆಯೇ?’ ಎಂದು ಗಿರಿಜಾಂಬ ಗೊಣಗಿದಳು. ಒಂದು ವಾರ ಅವರು ಕಿಲುಬಿನ ರುಚಿಯ ಹುಳಿಯನ್ನು ಮಾತಾಡದೆ ಉಂಡರು. ಆ ಬಳಿಕ ಯಾರ ಹೆಸರನ್ನೂ ಬರೆಯಲಿಲ್ಲ. ಈಗ ಅವನ ಹೆಸರನ್ನು ನೆನಪಿಸಿಕೊಳ್ಳಲು ನೋಡಿದರು. ಬರೆದ ಅಕ್ಷರಗಳ ದುಂಡು, ಹಾಳೆಯ ಅಂಚು, ಪಕ್ಕದ ಕೆಂಪು ಗೆರೆ ಎಲ್ಲವೂ ಕಾಣುತ್ತಿತ್ತು. ಹೆಸರಿದ್ದ ಜಾಗ ಮಾತ್ರ ಬಿಳಿಯಾಗಿತ್ತು.

“ನನ್ನ ಬರ್ಕೊಳಿ ಅಯ್ಯಾ,” ಎಂದು ಹೆಂಗಸು ಹೇಳುತ್ತಿದ್ದಳು. “ಬರೆಸ್ಕಂಡೋರ ಕಡೆಯೋರ್ನ ಮಾತ್ರ ಹುಡುಕ್ತಾರಂತೆ. ಪೇಪರ್‌ನಾಗೆ ಹಾಕವ್ರೆ.”

“ಇಷ್ಟು ವರ್ಷ ಯಾಕೆ ಬರಲಿಲ್ಲ?”

“ಇಷ್ಟು ವರ್ಷ ಬರೆಸ್ಕಂಡೋರ್ನ ಇಡ್ಕಂಡೋಗ್ತಿದ್ರು.”

ಈ ಉತ್ತರದಲ್ಲಿ ಆಕ್ಷೇಪಣೆಯ ದನಿಯಿರಲಿಲ್ಲ. ಬಸ್ಸಿನ ವೇಳೆ ಹೇಳುವವರ ದನಿಯಿತ್ತು. ಗವಿಸಿದ್ದಯ್ಯ ನಮೂನೆಯನ್ನು ಬಾಲರಾಜುವಿನ ಕಡೆಗೆ ತಳ್ಳಿದರು. ಅವನು ರೈತರನ್ನು ಒಸಿ ತಡೀರಣ್ಣ ಎಂದು ಪಕ್ಕಕ್ಕೆ ಸರಿಸಿ, ಹೆಸರು, ವಯಸ್ಸು, ಹುಟ್ಟಿದ ಊರು ಕೇಳಿ ತುಂಬಿದ. ಬಂದ ದಿನಾಂಕದ ಮನೆ ಬಂದಾಗ ಅವನ ಪೆನ್ನು ನಿಂತಿತು. ಎದ್ದು ಬಂದು, ಶಿರಸ್ತೇದಾರರ ಕಿವಿಯ ಹತ್ತಿರ ಬಾಗಿದ.

“ಹದಿಮೂರು ವರ್ಸ ಅಂತ ಬರದ್ರೆ ನಿಮ್ಮ ಮೂವತ್ತಾರೂ ಸುಳ್ಳಾಯ್ತವೆ ಸಾರ್. ಮೇಲಿನೋರು ಮೊದ್ಲು ಕೇಳೋದು ಇಷ್ಟು ದಿನ ಏನ್ ಕತ್ತೆ ಕಾಯ್ತಿದ್ರಾ ಅಂತ. ಮುಂದಿನ ಜುಲೈಗೆ ಮನೆಗೋಗೋರು ನೀವು. ಪೆನ್ಸನ್ ಪೇಪರು ಇವತ್ತೇ ಟಪಾಲಿಗೆ ಹೋಯ್ತಾ ಐತೆ. ಒಂದು ಎನ್‌ಕ್ವೈರಿ ಅಂತ ಗೀಚುದ್ರೆ ಸಾಕು, ಐದು ವರ್ಸ ಅಲ್ಲೇ ಕೊಳೀತದೆ.”

“ಆ ಮನೆ ಖಾಲಿ ಬಿಡು. ಮಿಕ್ಕದ್ದು ಮುಗಿಸು.”

ಸಹಿ ಮಾಡಲು ಬರುತ್ತದೆಯೇ ಎಂದು ಬಾಲರಾಜು ಕೇಳಿದ. ಅವಳು ಸೆರಗಿನಿಂದ ಕೈ ತೆಗೆದಳು. ತಮಿಳಿನಲ್ಲಿ ಸಹಿ ಹಾಕಿದಳು. ಎಂಟನೆಯ ತರಗತಿಯವರೆಗೆ ಅಲ್ಲಿನ ಕಾನ್ವೆಂಟಿನಲ್ಲಿ ಓದಿದ್ದಳಂತೆ. ಗವಿಸಿದ್ದಯ್ಯ ತಿರುಗಿಸಿಕೊಂಡು ನೋಡಿದರು. ಆ ಲಿಪಿ ಅವರಿಗೆ ಓದಲು ಬಾರದು; ಆದರೆ ಪ್ರತಿಯೊಂದು ಅಕ್ಷರವೂ ಒಂದೇ ಎತ್ತರಕ್ಕೆ ಎದ್ದು ಒಂದೇ ಕಡೆಗೆ ಇಳಿದಿತ್ತು. ಯಾರೋ ಮೇಷ್ಟರು ನಾಲ್ಕು ಗೆರೆಗಳ ನಡುವೆ ವರ್ಷಗಟ್ಟಲೆ ಕೂರಿಸಿ ತಿದ್ದಿಸಿದ ಕೈ. ತಮ್ಮ ಸಹಿ ಈಚೆಗೆ ಕೊನೆಯಲ್ಲಿ ನಡುಗುತ್ತಿರುವುದು ಅವರಿಗೆ ನೆನಪಾಗಿ, ಹಾಳೆಯನ್ನು ಬೇಗ ಹಿಂದಕ್ಕೆ ಸರಿಸಿದರು.

ಸಹಿಯ ಜೊತೆಗೆ ಹೆಬ್ಬೆಟ್ಟೂ ಬೇಕಿತ್ತು; ಅದು ಮೂಡಲಿಲ್ಲ. ಬಾಲರಾಜು ಅವಳ ಬಲಗೈ ಹೆಬ್ಬೆರಳನ್ನು ಹಿಡಿದು ನೇರಳೆ ಮಸಿಯ ಪ್ಯಾಡಿನ ಮೇಲೆ ಹೊರಳಿಸಿ, ಚಿತ್ತು ಕಾಗದದ ಮೇಲೆ ಒತ್ತಿದ. ಬಿದ್ದದ್ದು ಒಂದು ಗುಂಡು ಕಲೆ. ಕೈ ಒರೆಸಮ್ಮ ಎಂದ. ಮತ್ತೆ ಒತ್ತಿದ. ಮತ್ತೆ ಕಲೆ. ಮೂರನೆಯ ಸಲ ಅವನೇ ಅವಳ ಬೆರಳನ್ನು ಸೀಮೆಣ್ಣೆಯ ಬಟ್ಟೆಯಿಂದ ತಿಕ್ಕಿ, ಮಸಿಯನ್ನು ಹದವಾಗಿ ಹಚ್ಚಿ, ಉಗುರಿನ ಅಂಚಿನಿಂದ ಅಂಚಿಗೆ ಉರುಳಿಸಿದ. ಗೆರೆಯೊಂದೂ ಇರಲಿಲ್ಲ. ಅವಳ ಬೆರಳುಗಳ ತುದಿಗಳು ಬೆಳ್ಳಗೆ, ನುಣ್ಣಗೆ, ನೀರಿನಲ್ಲಿ ಬಹಳ ಹೊತ್ತು ಬಿದ್ದಿದ್ದ ಗೂಡಿನ ಪೊರೆಯಂತೆ ಇದ್ದವು.

“ಬಾಂಡ್ಲಿ ಕೆಲಸದವ್ರಿಗೆಲ್ಲ ಹಂಗೇ ಸಾಬ್,” ನಿಯಾಜ್ ಹೇಳಿದ. “ಕುದಿಯೋ ನೀರಲ್ಲಿ ಗೂಡು ಆಡಿಸಿ ಎಳೆ ತುದಿ ಹುಡುಕ್ಬೇಕಲ್ಲ. ಚರ್ಮ ಹೋಗುತ್ತೆ, ಬರುತ್ತೆ, ಹೋಗುತ್ತೆ. ಗೆರೆ ಮಾತ್ರ ವಾಪಸ್ ಬರಲ್ಲ. ನಮ್ಮ ಜಹೀದಾ ಚಾಚಿಗೆ ಬ್ಯಾಂಕ್‌ನವ್ರು ಇದಕ್ಕೇ ಖಾತೆ ಕೊಡ್ಲಿಲ್ಲ.”

“ಏಳನೇ ಅಂಶ ಸಾರ್,” ಎಂದ ಬಾಲರಾಜು. ಅವನ ಮುಖದಲ್ಲಿ ದಾರಿ ಸಿಕ್ಕವರ ಸಮಾಧಾನವಿತ್ತು. “ಅಸ್ಪಷ್ಟ. ತಿರಸ್ಕರಿಸತಕ್ಕದ್ದು. ನಿಮ್ದೂ ಉಳೀತದೆ, ರೂಲ್ಸೂ ಉಳೀತದೆ.”

ಹೆಂಗಸು ಆ ಮೂರು ಕಲೆಗಳನ್ನು ನೋಡುತ್ತಿದ್ದಳು. “ಊಟದ ಮೇಲೆ ನೋಡುತ್ತೇನೆ,” ಎಂದರು ಗವಿಸಿದ್ದಯ್ಯ. “ಹೊರಗೆ ಕೂತಿರಮ್ಮ.” ಆ ಮಾತಿಗೆ ಅರ್ಥವೇನೂ ಇರಲಿಲ್ಲ. ಕಚೇರಿಯಲ್ಲಿ ದಿನಕ್ಕೆ ಇಪ್ಪತ್ತು ಜನಕ್ಕೆ ಅವರು ಹಾಗೆ ಹೇಳುತ್ತಿದ್ದರು. ಇಪ್ಪತ್ತು ಜನವೂ ಅದನ್ನು ನಂಬಿ ಹೊರಗೆ ಕೂರುತ್ತಿದ್ದರು. ಶೆಡ್ಡಿನಲ್ಲಿ ನೀರು ಕುದಿಯಲು ಇಟ್ಟು ಬಂದಿದ್ದೇನೆಂದು ನಿಯಾಜ್ ಹೊರಟುಹೋದ.

ಊಟದ ಹೊತ್ತಿಗೆ ಬಾಲರಾಜು ಹೋಟೆಲಿಗೆ ಹೋದನು. ಗವಿಸಿದ್ದಯ್ಯ ಬಾಗಿಲನ್ನು ಮುಂದೆ ಮಾಡಿ ಡಬ್ಬಿಯನ್ನು ಬಿಚ್ಚಿದರು. ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಹಸಿವೆಯಿಲ್ಲದೆಯೂ ಕೈ ರೊಟ್ಟಿ ಮುರಿಯಿತು, ಬಾಯಿ ಅಗಿಯಿತು. ಕಿಟಕಿಯ ಸರಳುಗಳಾಚೆ, ಹೊಂಗೆಯ ನೆರಳಿನಲ್ಲಿ, ಹೆಂಗಸು ಕೂತಿದ್ದಳು. ಮಸಿಯಾದ ಹೆಬ್ಬೆರಳನ್ನು ಸೀರೆಗೆ ತಾಗದಂತೆ ದೂರ ಹಿಡಿದಿದ್ದಳು. ಅದು ಬೇರೆ ಯಾರಿಗೋ ಸೇರಿದ, ಕಾಯ್ದು ಕೊಡಬೇಕಾದ ವಸ್ತುವೆಂಬ ಹಾಗೆ. ಇವಳನ್ನು ಈಗ ತಿರಸ್ಕರಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ, ಎಂದು ಅವರು ಯೋಚಿಸಿದರು. ನಿಯಮ ತನ್ನದಲ್ಲ, ಬೆರಳು ತನ್ನದಲ್ಲ, ಯುದ್ಧ ತನ್ನದಲ್ಲ. ಹೀಗೆ ಯೋಚಿಸುತ್ತ ಒಳಗೆ ಏನಾದರೂ ಕದಲುವುದೇ ಎಂದು ಕಾದರು. ಏನೂ ಕದಲಲಿಲ್ಲ. ಬಹಳ ಹೊತ್ತು ಕಾಲು ಮಡಿಸಿ ಕೂತಾಗ ಪಾದಕ್ಕೆ ಜೋಮು ಹಿಡಿಯುವಂತೆ, ಎದೆಯ ಆ ಭಾಗಕ್ಕೆ ಹದಿನೆಂಟು ವರ್ಷಗಳಿಂದ ಜೋಮು ಹಿಡಿದಿತ್ತು. ಒಂದು ಪಾತ್ರೆಯ ಒಳಮೈ ಕಣ್ಣಿಗೆ ಬಂತು, ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಹಸಿರು. ನಾಲಿಗೆಯ ಮೇಲಿದ್ದ ಚಟ್ನಿಯಲ್ಲಿ ಕಿಲುಬಿನ ರುಚಿ ಹುಡುಕಿದರು. ಇರಲಿಲ್ಲ, ಗಿರಿಜಾಂಬ ಸ್ಟೀಲಿನ ಪಾತ್ರೆಗೆ ಬದಲಾಯಿಸಿ ವರ್ಷಗಳಾಗಿದ್ದವು.

ಕೈ ತೊಳೆದು ಬಂದು ನಮೂನೆಯನ್ನು ಎದುರಿಗಿಟ್ಟುಕೊಂಡರು. ಬಂದ ದಿನಾಂಕದ ಮನೆಯಲ್ಲಿ, ತಮ್ಮ ಸ್ವಂತ ಅಕ್ಷರದಲ್ಲಿ, ಹೋದ ತಿಂಗಳಿನ ಒಂದು ತಾರೀಖನ್ನು ಬರೆದರು. ಷರಾ ಎಂಬ ಕಡೆ, ‘ಈ ಹಿಂದಿನ ವರದಿಗಳ ಅವಧಿಯ ತರುವಾಯ ಸದರಿಯವರು ಈ ತಾಲ್ಲೂಕಿಗೆ ಬಂದಿರುವುದಾಗಿ ವಿಚಾರಣೆಯಿಂದ ತಿಳಿದುಬಂದಿರುತ್ತದೆ’ ಎಂದರು. ಮೂವತ್ತಾರು ಶೂನ್ಯಗಳೂ ನಿಜವಾದವು. ಹದಿಮೂರು ವರ್ಷ, ಹದಿಮೂರು ವರ್ಷ ಕುದಿದ ನೀರು, ಒಂದು ಷರಾದಲ್ಲಿ ಆರಿಹೋಯಿತು. ಹನ್ನೊಂದನೆಯ ಅಂಶ ಅವರಿಗೆ ನೆನಪಿರಲಿಲ್ಲವೆಂದಲ್ಲ. ಆರು ತಿಂಗಳೊಳಗೆ ಬಂದವರು, ಪ್ರತ್ಯೇಕ ಪಟ್ಟಿ, ಪೊಲೀಸ್ ಇಲಾಖೆ. ಆ ಮಾತುಗಳು ಕಣ್ಣ ಮುಂದೆ ಇದ್ದವು. ಗೋಡೆಯ ಕ್ಯಾಲೆಂಡರಿನಂತೆ ಇದ್ದವು. ವಿಚಾರಿಸುತ್ತಾರೆ, ಬಿಡುತ್ತಾರೆ, ಈಗ ಮೊದಲಿನ ಹಾಗಲ್ಲ, ಎಂದು ಯಾರೋ ಅವರ ದನಿಯಲ್ಲಿ ಅವರಿಗೆ ಹೇಳಿದರು. ಆ ಯಾರೋ ನಲವತ್ತು ದಿನದ ವಿಷಯ ಎತ್ತಲಿಲ್ಲ. ಆಮೇಲೆ, ಇಷ್ಟು ಮಾಡಿದ ಮೇಲೆ ಒಂದು ಉಪಕಾರವನ್ನೂ ಮಾಡದಿದ್ದರೆ ಲೆಕ್ಕ ಸರಿಹೋಗದೆಂಬಂತೆ, ಮಸಿಯ ಪ್ಯಾಡನ್ನು ಬಾಲರಾಜುವಿನ ಮೇಜಿನಿಂದ ತಂದರು. ತಮ್ಮ ಎಡಗೈ ಹೆಬ್ಬೆರಳನ್ನು ಚಾಚಿದವರು ಅಲ್ಲೇ ತಡೆದರು. ಗಂಡಸರಿಗೆ ಎಡಗೈ, ಹೆಂಗಸರಿಗೆ ಬಲಗೈ. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಈ ಕ್ರಮವನ್ನು ಅವರು ಒಮ್ಮೆಯೂ ತಪ್ಪಿರಲಿಲ್ಲ. ಬಲಗೈ ಹೆಬ್ಬೆರಳನ್ನು ಮಸಿಯಲ್ಲಿ ಹೊರಳಿಸಿ, ತವಮಣಿಯ ಸಹಿಯ ಪಕ್ಕದ ಚೌಕದಲ್ಲಿ ಒತ್ತಿ ಎತ್ತಿದರು. ಸುಳಿ ಸುಳಿಯಾಗಿ ಗೆರೆಗಳೆಲ್ಲ ಬಂದಿದ್ದವು. ಅಂಥ ಒಳ್ಳೆಯ ಗುರುತು ಆ ದಿನ ಯಾವ ರೈತನದೂ ಬಿದ್ದಿರಲಿಲ್ಲ. ಒಂದು ಕ್ಷಣ ಅವರಿಗೆ ಹೆಮ್ಮೆಯೆನಿಸಿತು, ಕೂಡಲೇ ಆ ಹೆಮ್ಮೆಯೂ ಮರಗಟ್ಟಿತು.

ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ನೇರಳೆ ಹೋಗಲಿಲ್ಲ. ಸೀಮೆಣ್ಣೆಯ ಬಟ್ಟೆ ಬಾಲರಾಜು ಕೂರುವ ಕಡೆ ಇತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಬಾಲರಾಜು ಎಲೆಯಡಿಕೆ ಹಾಕಿಕೊಂಡು ಬಂದುಬಿಟ್ಟ. ಮಧ್ಯಾಹ್ನವೆಲ್ಲ ಗವಿಸಿದ್ದಯ್ಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಟ್ಟುಕೊಂಡೇ ಕೆಲಸ ಮಾಡಿದರು. ಸಹಿ ಹಾಕಬೇಕಾದಾಗ ಎಡಗೈಯನ್ನು ಬಲಗೈಗೆ ಮರೆಯಾಗಿ ಇಟ್ಟುಕೊಂಡರು, ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸದ ಹುಡುಗರ ಹಾಗೆ. ಬೆವರಿಗೆ ಮಸಿ ಆರದೆ ಅಂಟಂಟಾಗಿಯೇ ಉಳಿಯಿತು. ನಾಲ್ಕು ಗಂಟೆಗೆ ಅವರ ಸ್ವಂತ ನಿವೃತ್ತಿವೇತನದ ಕಾಗದಗಳು ಬಂದವು. ಗಿರಿಜಾಂಬನೊಡನೆ ಸ್ಟುಡಿಯೋದಲ್ಲಿ ತೆಗೆಸಿದ ಜೋಡಿ ಭಾವಚಿತ್ರ, ಮೈಮೇಲಿನ ಮಚ್ಚೆಗಳ ವಿವರ, ಮಾದರಿ ಸಹಿ ಮೂರು, ಎಡಗೈಯ ಐದೂ ಬೆರಳುಗಳ ಗುರುತು.

“ಕೊಡಿ ಸಾರ್ ಎಡಗೈ,” ಎಂದು ಬಾಲರಾಜು ಪ್ರೀತಿಯಿಂದಲೇ ಅವರ ಬೆರಳುಗಳನ್ನು ಒಂದೊಂದಾಗಿ ಒತ್ತಿದ. “ಆಹಾ. ಏನ್ ಮೂಡ್ತವೆ ಸಾರ್! ಪೆನ್ ಬುಟ್ಟು ಬೇರೆ ಏನೂ ಮುಟ್ಟಿಲ್ಲ ನೀವು, ಅದಕ್ಕೇ.” ಆಮೇಲೆ ಒರೆಸಿಕೊಳ್ಳಲು ಬಟ್ಟೆ ಕೊಡುತ್ತ ಅವರ ಬಲಗೈ ನೋಡಿದ. “ಇದೇನ್ ಸಾರ್, ಈ ಕೈಗೂ?”

“ಪೆನ್ನು ಸೋರಿತು.”

“ನಿಮ್ಮ ಪೆನ್ನಿನ ಇಂಕು ಕಪ್ಪಲ್ವಾ ಸಾರ್.”

ಗವಿಸಿದ್ದಯ್ಯ ಎಡಗೈ ಬೆರಳುಗಳನ್ನು ಒರೆಸಿಕೊಳ್ಳತೊಡಗಿದರು. ಬಾಲರಾಜು ಟಪಾಲಿಗೆ ಜೋಡಿಸಿಟ್ಟಿದ್ದ ಕಾಗದಗಳನ್ನು ಒಂದೊಂದಾಗಿ ತಿರುವಿದ, ತವಮಣಿಯ ನಮೂನೆ ಬಂದಾಗ ಬೆರಳು ನಿಲ್ಲಿಸಿದ, ಚೌಕವನ್ನು ನೋಡಿದ, ದಿನಾಂಕವನ್ನು ನೋಡಿದ. ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ಪರವಾಗಿಲ್ಲ, ಚೆನ್ನಾಗಿ ಬಿದ್ದದೆ,” ಎಂದು ಮಾತ್ರ ಹೇಳಿ, ಆ ನಮೂನೆಯನ್ನೂ ಶಿರಸ್ತೇದಾರರ ನಿವೃತ್ತಿಯ ಕಾಗದಗಳನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿ ದಾರ ಬಿಗಿದ. ಅವನು ಬೈದಿದ್ದರೆ, ನಕ್ಕಿದ್ದರೆ, ಅದನ್ನು ಸಹಿಸಿಕೊಳ್ಳುವುದು ಹೇಗೆಂದು ಗವಿಸಿದ್ದಯ್ಯನವರಿಗೆ ಗೊತ್ತಿತ್ತು. ತನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು ತನ್ನ ಮೇಲೆ ತೋರಿಸಿದ ದಾಕ್ಷಿಣ್ಯವನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಚಿಕ್ಕಹನುಮಯ್ಯ ಬಂದು ಕಟ್ಟನ್ನು ಸೈಕಲ್ಲಿಗೆ ಹಾಕಿಕೊಂಡು ಜಿಲ್ಲಾ ಕಚೇರಿಯ ಕಡೆಗೆ ಹೋದ.

ಐದೂವರೆಗೆ ಅವರು ಹೊರಗೆ ಬಂದಾಗ ಹೆಂಗಸು ಇನ್ನೂ ಹೊಂಗೆಯ ಕೆಳಗೇ ಇದ್ದಳು. ಅವಳನ್ನು ಕರೆಯಲೇ ಇಲ್ಲವೆಂಬುದು ಆಗ ಹೊಳೆಯಿತು. ಅವಳು ಎದ್ದು ನಿಂತಳು.

“ಹೋಯ್ತಾ ಅಯ್ಯಾ ನನ್ನ ಕಾಗದ?”

“ಹೋಯಿತು.”

“ಬಿತ್ತಾ?”

“ಬಿತ್ತು.”

ಅವಳ ಮುಖ ಬದಲಾಯಿತು. ತನ್ನ ಹೆಬ್ಬೆರಳನ್ನು ಕಣ್ಣ ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ಹೋದದ್ದು ಏನೋ ಮರಳಿ ಬಂದಿದೆಯೆಂದು ನಂಬಿದವರು ಹಾಗೆ ನೋಡುತ್ತಾರೆ. ಮರದ ಬುಡದ ಕಟ್ಟೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅವಳು ಹೆಬ್ಬೆರಳನ್ನು ನಾಲಿಗೆಯಲ್ಲಿ ಒದ್ದೆಮಾಡಿಕೊಂಡು, ಇನ್ನೂ ಉಳಿದಿದ್ದ ಮಸಿಯನ್ನು ಆ ಸುಣ್ಣದ ಮೇಲೆ ಮೆಲ್ಲಗೆ ಒತ್ತಿದಳು. ಎತ್ತಿದಳು. ಬಗ್ಗಿ ನೋಡಿದಳು. ಗುಂಡಾದ, ನಯವಾದ, ತುಸು ನೇರಳೆಯ ಒಂದು ಕಲೆ. ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದಳು. ಅವಳು ನೆಟ್ಟಗಾದಾಗ ಕಣ್ಣು ಗವಿಸಿದ್ದಯ್ಯನವರ ಮುಖದ ಮೇಲಿರಲಿಲ್ಲ, ಅವರ ಬಲಗೈಯ ಮೇಲಿತ್ತು. ಅವರು ಮುಷ್ಟಿ ಬಿಗಿಯುವುದು ತಡವಾಗಿತ್ತು.

“ನಿಮ್ದಾ ಅಯ್ಯಾ?”

ಅವರು ಕೈಯನ್ನು ಬೆನ್ನ ಹಿಂದೆ ಸರಿಸಿದರು.

“ಅವ್ರು ನಾಳೆ ನನ್ನ ಕರೆದು ಬೆರಳು ಒತ್ತು ಅಂದ್ರೆ?”

“ಯಾರೂ ಕೇಳುವುದಿಲ್ಲಮ್ಮ.” ಆ ವಾಕ್ಯವೂ ಚೆನ್ನಾಗಿ ಕಟ್ಟಿದ ವಾಕ್ಯವಾಗಿತ್ತು, ಬರೆದು ಬರೆದು ನುಣುಪಾಗಿತ್ತು. “ಅಷ್ಟು ದೂರ ಯಾರೂ ನೋಡುವುದಿಲ್ಲ.”

“ಯಾರೂ ನೋಡಲ್ಲ ಅಂದ್ರೆ ನನ್ನ ತಂಗೀನ ಯಾರು ಹುಡುಕ್ತಾರೆ?”

ಅವಳು ಬಯ್ಯುತ್ತಿರಲಿಲ್ಲ. ಉತ್ತರ ಸಿಕ್ಕೀತೆಂದು ಒಂದಿಷ್ಟು ಹೊತ್ತು ನಿಂತಳು, ಆ ದಿನ ಬೆಳಗಿನಿಂದ ಕಾದ ಹಾಗೆಯೇ. ನಂತರ ಸೆರಗಿನೊಳಗೆ ಎರಡು ಕೈಗಳನ್ನೂ ಮುಚ್ಚಿಕೊಂಡು, ಗೂಡ್ಸ್ ಆಟೋಗಳ ನಡುವೆ ದಾರಿ ಮಾಡಿಕೊಂಡು, ಮಾರುಕಟ್ಟೆಯ ಕಡೆಗೆ ನಡೆದಳು. ದಿನಾಂಕದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಕೂಗಿ ಹೇಳಬಹುದಾಗಿತ್ತು. ಪೊಲೀಸಿನವರು ಬಂದರೆ ಹದಿಮೂರು ವರ್ಷ ಎನ್ನಬೇಡ, ಹೋದ ತಿಂಗಳು ಬಂದೆ ಎನ್ನು. ಅಥವಾ, ಹದಿಮೂರು ವರ್ಷ ಎಂದೇ ಹೇಳು, ನನ್ನ ಹೆಸರು ಹೇಳು. ಎರಡು ವಾಕ್ಯಗಳನ್ನೂ ಅವರು ಮನಸ್ಸಿನಲ್ಲಿ ಕಟ್ಟಿ, ತಿದ್ದಿ, ಯಾವುದು ಮೇಲೆಂದು ತೂಗುತ್ತಿರುವಾಗ ಅವಳು ತಿರುವಿನಲ್ಲಿ ಮರೆಯಾದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಿಡದಿಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಂದ ಹುಡುಗಿಯರು ಒಂದೇ ಬಣ್ಣದ ಅಂಗಿಗಳಲ್ಲಿ ನಿಂತಿದ್ದರು. ಕೊರಳಲ್ಲಿ ಅವರವರ ಭಾವಚಿತ್ರವಿದ್ದ ಚೀಟಿಗಳು ತೂಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಮುದುಕಿ ಮಡಿಲಲ್ಲಿ ಬಣ್ಣದ ಮರದ ಆಟಿಕೆಗಳ ಗಂಟೊಂದನ್ನು ಇಟ್ಟುಕೊಂಡಿದ್ದಳು. ಹೊರಗೆ ಹಿಪ್ಪುನೇರಳೆಯ ತೋಟಗಳೂ, ಹೊಸದಾಗಿ ಎದ್ದ ತಗಡಿನ ಗೋಡೆಗಳೂ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವರು ನೋಡುತ್ತಿದ್ದರು, ಸೂಕ್ಷ್ಮವಾಗಿಯೇ ನೋಡುತ್ತಿದ್ದರು. ಕಲಾಯಿಯವನ ಹೆಸರು ಇನ್ನೂ ಬಂದಿರಲಿಲ್ಲ. ನಾಳೆ ಜಿಲ್ಲಾ ಕಚೇರಿಗೆ ಹೋಗಿ ನಮೂನೆಯನ್ನು ಹಿಂದಕ್ಕೆ ಕೇಳಬಹುದು ಎಂದುಕೊಂಡರು. ಕೇಳಿದರೆ ಕಾರಣ ಬರೆದುಕೊಡಬೇಕಾಗುತ್ತದೆ. ಕಾರಣದ ಮೊದಲ ವಾಕ್ಯ ಹೇಗೆ ಆರಂಭವಾಗಬೇಕೆಂದು ಯೋಚಿಸಿದರು. ‘ನಾನು’ ಎಂದು ಆರಂಭವಾಗಬೇಕು. ಮೂವತ್ತನಾಲ್ಕು ವರ್ಷಗಳಲ್ಲಿ ಆ ಪದದಿಂದ ಅವರು ಒಂದು ವಾಕ್ಯವನ್ನೂ ಆರಂಭಿಸಿರಲಿಲ್ಲ. ಮುಂದಿನ ಪದ ಬರಲಿಲ್ಲ.

ಬಸ್ಸು ವೇಗ ತಗ್ಗಿಸಿತು. ಕೆಂಗಲ್. ಹುಡುಗಿಯರ ಕೈಗಳು ಮೇಲೆದ್ದವು, ಮುದುಕಿಯ ಕೈ ಎದ್ದಿತು, ಗವಿಸಿದ್ದಯ್ಯನವರ ಕೈಯೂ ತಾನಾಗಿ ಎದ್ದು ಎಡಗೆನ್ನೆಯನ್ನೊಮ್ಮೆ ಬಲಗೆನ್ನೆಯನ್ನೊಮ್ಮೆ ತಟ್ಟಿತು.

“ಅಯ್ಯೋ, ಇದೇನ್ ಸಾಮಿ, ಕೆನ್ನೆ ಮ್ಯಾಲೆಲ್ಲ ಮಸಿ?” ಎಂದಳು ಮುದುಕಿ, ನಗುತ್ತ. “ಒರೆಸ್ಕಳಿ.”

ಅವರು ಒರೆಸಿಕೊಂಡರು. “ಆ ಕಡೀಕೂ ಹತ್ಕಂತು,” ಎಂದಳು. ಮತ್ತೆ ಒರೆಸಿಕೊಂಡರು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ತಿರುಗಿ ನೋಡಿ, ಗೆಳತಿಯ ಭುಜಕ್ಕೆ ಮುಖ ಮರೆಮಾಡಿ ನಕ್ಕಳು. ಗುಡಿ ಹಿಂದೆ ಸರಿದಿತ್ತು, ಎಲ್ಲರ ಕೈಗಳೂ ಕೆಳಗಿಳಿದಿದ್ದವು. ಗವಿಸಿದ್ದಯ್ಯನವರ ಕೈ ಮಾತ್ರ, ಇನ್ನೂ ಮುಗಿಯಲಿಲ್ಲವೆಂಬಂತೆ, ಕೆನ್ನೆಯ ಮೇಲೆ ಹೋಗುತ್ತ ಬರುತ್ತ ಇತ್ತು.